ಮನೆ ಕಟ್ಟುವ ಮುನ್ನ: ಮಂಡ್ಯ, ಮದ್ದೂರು, ಮಳವಳ್ಳಿಯಲ್ಲಿ ಕಟ್ಟಡ ಪರವಾನಗಿಯ ಹಾದಿ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಹಳೆಯದು. ಆದರೆ ಇಂದು ಸಣ್ಣ ಊರುಗಳಲ್ಲಿ ಮನೆ ಕಟ್ಟಹೊರಟವರಿಗೆ ಮೊದಲ ಪರೀಕ್ಷೆ ಪಾಯ ತೋಡುವ ಮುನ್ನವೇ ಎದುರಾಗುತ್ತದೆ. ಅದುವೇ ಕಟ್ಟಡ ಪರವಾನಗಿ. ಅರ್ಜಿ ತಿರಸ್ಕೃತವಾದಾಗ ದೋಷ ನಕ್ಷೆಯಲ್ಲಿರಬಹುದೆಂದು ಹಲವರು ಭಾವಿಸುತ್ತಾರೆ. ನಕ್ಷೆಯ ದೋಷವನ್ನು ಸರಿಪಡಿಸುವುದು ಸುಲಭ. ನಿವೇಶನದ ದಾಖಲೆಯಲ್ಲಿರುವ ದೋಷ ಮಾತ್ರ ಸುಲಭವಾಗಿ ಬಗೆಹರಿಯುವುದಿಲ್ಲ.

ಗದ್ದೆಯಿಂದ ನಿವೇಶನಕ್ಕೆ

ವಿಶ್ವೇಶ್ವರಯ್ಯ ನಾಲೆಯ ನೀರುಂಡ ಮಂಡ್ಯ, ಮದ್ದೂರು ಸೀಮೆಯಲ್ಲಿ ಊರಿನ ಅಂಚೆಂದರೆ ಬಹುತೇಕ ಭತ್ತ, ಕಬ್ಬಿನ ಗದ್ದೆಯೇ. 2023ರ ಮಾರ್ಚ್ 12ರಂದು ಬೆಂಗಳೂರು–ಮೈಸೂರು ದಶಪಥ ಹೆದ್ದಾರಿ ಉದ್ಘಾಟನೆಗೊಂಡಿತು. ರಸ್ತೆ ಸುಗಮವಾದಂತೆ ಅಕ್ಕಪಕ್ಕದ ಜಮೀನಿನ ಮೇಲೆ ಕೊಳ್ಳುವವರ ಕಣ್ಣು ಬೀಳುವುದು ಸಹಜ. ಕೃಷಿ ಜಮೀನನ್ನು ತುಂಡು ಮಾಡಿ, ಕಲ್ಲು ನೆಟ್ಟು ಮಾರುವ ‘ರೆವಿನ್ಯೂ ಸೈಟು’ಗಳ ತೊಡಕು ಇಲ್ಲಿಂದಲೇ ಆರಂಭವಾಗುತ್ತದೆ.

ಕೃಷಿ ಜಮೀನನ್ನು ವಾಸಕ್ಕೆ ಬಳಸಬೇಕಾದರೆ ಕರ್ನಾಟಕ ಭೂಕಂದಾಯ ಕಾಯ್ದೆ, 1964ರ 95ನೇ ಕಲಮಿನ ಅನ್ವಯ ಭೂಪರಿವರ್ತನೆ ಆಗಿರಬೇಕು. ಅದನ್ನು ನಿವೇಶನಗಳಾಗಿ ವಿಂಗಡಿಸಲು ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ, 1961ರ 17ನೇ ಕಲಮಿನಂತೆ ಬಡಾವಣೆ ನಕ್ಷೆಗೆ ಯೋಜನಾ ಪ್ರಾಧಿಕಾರದ ಅನುಮೋದನೆ ಬೇಕು. ರಸ್ತೆ, ಚರಂಡಿ, ಉದ್ಯಾನಕ್ಕೆ ಜಾಗ ಬಿಡುವ ಷರತ್ತು ಬರುವುದು ಈ ಹಂತದಲ್ಲಿಯೇ. ಭೂಪರಿವರ್ತನೆಯಾಗಿದೆ ಎಂದ ಮಾತ್ರಕ್ಕೆ ಬಡಾವಣೆಗೆ ಅನುಮೋದನೆ ಸಿಕ್ಕಿದೆ ಎಂದಲ್ಲ. ಇವೆರಡೂ ಬೇರೆ ಬೇರೆ. ಹಳೆಯ ಗ್ರಾಮಠಾಣೆಯೊಳಗಿನ ಮನೆ ನಿವೇಶನಗಳ ಲೆಕ್ಕ ಪ್ರತ್ಯೇಕ. ಅಲ್ಲಿ ಭೂಪರಿವರ್ತನೆಯ ಪ್ರಶ್ನೆ ಏಳುವುದಿಲ್ಲ.

ಯಾರ ಬಳಿ ಹೋಗಬೇಕು?

ನಗರಸಭೆ, ಪುರಸಭೆಗಳ ವ್ಯಾಪ್ತಿಯಲ್ಲಿ ಕರ್ನಾಟಕ ಪುರಸಭೆಗಳ ಕಾಯ್ದೆ, 1964ರ 187ನೇ ಕಲಮಿನಡಿ ಸ್ಥಳೀಯ ಸಂಸ್ಥೆಯೇ ಪರವಾನಗಿ ನೀಡುತ್ತದೆ. ಊರ ಹೊರಗಿನ ಹಳ್ಳಿಗಳಲ್ಲಿ 1993ರ ಪಂಚಾಯತ್ ರಾಜ್ ಕಾಯ್ದೆಯ 64ನೇ ಕಲಮಿನಂತೆ ಈ ಅಧಿಕಾರ ಗ್ರಾಮ ಪಂಚಾಯಿತಿಯದು. ಮಂಡ್ಯದ ಸುತ್ತ ನಗರಾಭಿವೃದ್ಧಿ ಪ್ರಾಧಿಕಾರದ ಯೋಜನಾ ಪ್ರದೇಶವೂ ಇದೆ. ಊರು ಬೆಳೆದಂತೆ ಗಡಿಯೂ ಸರಿಯುವುದರಿಂದ, ನಿವೇಶನ ಇಂದು ಯಾವ ಕಚೇರಿಯ ವ್ಯಾಪ್ತಿಗೆ ಸೇರಿದೆ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳುವುದು ಉತ್ತಮ.

ಬೇಕಾಗುವ ದಾಖಲೆಗಳು

ಕ್ರಯಪತ್ರ, ಋಣಭಾರ ಪತ್ರ, ಖಾತೆಯ ನಕಲು, ಚಾಲ್ತಿ ವರ್ಷದ ತೆರಿಗೆ ರಸೀದಿ, ಭೂಪರಿವರ್ತನೆ ಆದೇಶ, ಅನುಮೋದಿತ ಬಡಾವಣೆ ನಕ್ಷೆ ಹಾಗೂ ನೋಂದಾಯಿತ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿ ಸಹಿ ಮಾಡಿದ ಕಟ್ಟಡ ನಕ್ಷೆ ಮುಖ್ಯವಾದವು. ಪುರಸಭೆಯ ಆಸ್ತಿಗೆ ಇ-ಆಸ್ತಿ ತಂತ್ರಾಂಶದ ನಮೂನೆ-3, ಪಂಚಾಯಿತಿಯ ಆಸ್ತಿಗೆ ಇ-ಸ್ವತ್ತಿನ ನಮೂನೆ-9 ಮತ್ತು 11 ಬಳಕೆಯಲ್ಲಿವೆ. 2024ರ ಅಕ್ಟೋಬರ್‌ನಿಂದ ನೋಂದಣಿಗೂ ಇ-ಖಾತೆ ಕಡ್ಡಾಯವಾಗಿದೆ. ನಿವೇಶನ ನಾಲೆ, ಹೆದ್ದಾರಿ ಅಥವಾ ರೈಲು ಮಾರ್ಗಕ್ಕೆ ಹೊಂದಿಕೊಂಡಿದ್ದರೆ ಸಂಬಂಧಪಟ್ಟ ಇಲಾಖೆಯ ನಿರಾಕ್ಷೇಪಣಾ ಪತ್ರವನ್ನೂ ಕೇಳಬಹುದು.

ನಕ್ಷೆಯಲ್ಲಿ ರಸ್ತೆಯ ಅಗಲ, ನಾಲ್ಕೂ ಕಡೆ ಬಿಡುವ ಸೆಟ್‌ಬ್ಯಾಕ್, ಕಟ್ಟಡದ ಎತ್ತರ ಮತ್ತು ಒಟ್ಟು ನೆಲ ವಿಸ್ತೀರ್ಣವನ್ನು ಪರಿಶೀಲಿಸಲಾಗುತ್ತದೆ. ರಾಷ್ಟ್ರೀಯ ಕಟ್ಟಡ ಸಂಹಿತೆಯ ಪ್ರಕಾರ ವಾಸದ ಕೋಣೆಯ ಎತ್ತರ 2.75 ಮೀಟರಿಗೆ ಕಡಿಮೆ ಇರಬಾರದು. ಒಂದೇ ಕೋಣೆಯ ಮನೆಯಾದರೆ ಅದರ ವಿಸ್ತೀರ್ಣ ಕನಿಷ್ಠ 9.5 ಚದರ ಮೀಟರ್ ಇರಬೇಕು. ಶುಲ್ಕದೊಂದಿಗೆ ನಿರ್ಮಾಣ ವೆಚ್ಚದ ಶೇ. 1ರಷ್ಟು ಕಾರ್ಮಿಕ ಕಲ್ಯಾಣ ಸೆಸ್ ಸೇರುತ್ತದೆ. ಸ್ವಂತ ವಾಸಕ್ಕೆ ಕಟ್ಟುವ, ನಿಗದಿತ ಮಿತಿ ಮೀರದ ವೆಚ್ಚದ ಮನೆಗೆ ಈ ಸೆಸ್ಸಿನಿಂದ ವಿನಾಯಿತಿಯಿದೆ.

ಕಡತ ಕದಲದಿದ್ದರೆ

2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ದಡಿ ಅರ್ಜಿದಾರರಿಗೆ 15 ಅಂಕಿಗಳ ಸ್ವೀಕೃತಿ ಸಂಖ್ಯೆ ನೀಡಬೇಕು. ಗಡುವು ಮೀರಿದರೆ ಮೇಲ್ಮನವಿ ಸಲ್ಲಿಸಬಹುದು. ದಿನಕ್ಕೆ 20 ರೂ.ನಂತೆ ಗರಿಷ್ಠ 500 ರೂ. ಪರಿಹಾರವನ್ನೂ ಪಡೆಯಬಹುದು. ಮೊತ್ತ ಅಲ್ಪವೇ. ಆದರೆ ಆ ಸಂಖ್ಯೆಯಿಲ್ಲದೆ ವಿಳಂಬಕ್ಕೆ ಸಾಕ್ಷಿಯೇ ಇರುವುದಿಲ್ಲ. ಆದ್ದರಿಂದ ಮಧ್ಯವರ್ತಿಯ ಮಾತನ್ನು ನೆಚ್ಚಿಕೊಳ್ಳದೆ ಸ್ವೀಕೃತಿ ಪತ್ರವನ್ನು ಸ್ವತಃ ಕೇಳಿ ಪಡೆಯಬೇಕು.

‘ಕಟ್ಟಿದ ಮೇಲೆ ನೋಡಿಕೊಂಡರಾಯಿತು’ ಎಂಬ ಭ್ರಮೆ

ಪರವಾನಗಿಯಿಲ್ಲದೆ ಕಟ್ಟಿ, ಮುಂದೆ ‘ಅಕ್ರಮ–ಸಕ್ರಮ’ದಲ್ಲಿ ಸರಿಪಡಿಸಿಕೊಳ್ಳಬಹುದೆಂಬ ನಿರೀಕ್ಷೆ ಹಲವರಲ್ಲಿತ್ತು. 2013ರ ಅಕ್ಟೋಬರ್ 19ಕ್ಕೆ ಮುಂಚಿನ ಉಲ್ಲಂಘನೆಗಳಿಗೆಂದು 2014ರಲ್ಲಿ ರೂಪಿಸಿದ ಆ ನಿಯಮಗಳಿಗೆ ಸುಪ್ರೀಂ ಕೋರ್ಟ್ 2017ರ ಜನವರಿಯಲ್ಲಿ ತಡೆ ನೀಡಿತು. 2025ರ ಫೆಬ್ರುವರಿಯಲ್ಲಿ ಸರ್ಕಾರ ಅನಧಿಕೃತ ಸ್ವತ್ತುಗಳಿಗೂ ಬಿ-ಖಾತೆ ನೀಡುವ ಅಭಿಯಾನ ಆರಂಭಿಸಿತು. ಇದರಿಂದ ಸ್ವತ್ತು ತೆರಿಗೆ ವ್ಯಾಪ್ತಿಗೆ ಬರುತ್ತದೆಯೇ ಹೊರತು, ಬಡಾವಣೆ ಸಕ್ರಮವಾಯಿತೆಂದು ಅರ್ಥವಲ್ಲ.

2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೂ ಬಿಗಿಯಾದ ತೀರ್ಪು ನೀಡಿತು. ಕಟ್ಟಡ ಪೂರ್ಣಗೊಂಡ ಅಥವಾ ಸ್ವಾಧೀನಾನುಭವ ಪ್ರಮಾಣಪತ್ರ ನೋಡಿಯೇ ವಿದ್ಯುತ್, ನೀರು, ಒಳಚರಂಡಿ ಸಂಪರ್ಕ ಕೊಡಬೇಕು. ಬ್ಯಾಂಕುಗಳೂ ಆ ಪತ್ರ ಪರಿಶೀಲಿಸಿದ ಬಳಿಕವೇ ಸಾಲ ನೀಡಬೇಕು ಎಂದು ಅದು ಹೇಳಿತು. ರಾಜ್ಯದಲ್ಲಿ 2025ರಲ್ಲಿ ಹೊಸ ಮನೆಗಳ ವಿದ್ಯುತ್ ಸಂಪರ್ಕ ಇದೇ ಕಾರಣಕ್ಕೆ ದೊಡ್ಡ ಪ್ರಶ್ನೆಯಾಯಿತು. ಸಣ್ಣ ಮನೆಗಳಿಗೆ ದೊರೆಯುವ ವಿನಾಯಿತಿ ತಮ್ಮ ನಿವೇಶನಕ್ಕೂ ಅನ್ವಯಿಸುವುದೇ ಎಂಬುದನ್ನು ಕಟ್ಟಲು ಮೊದಲಿಡುವ ಮುನ್ನವೇ ಲಿಖಿತವಾಗಿ ತಿಳಿದುಕೊಳ್ಳಬೇಕು.

ಜೀವಮಾನದ ಉಳಿತಾಯವನ್ನು ನಿವೇಶನಕ್ಕೆ ಸುರಿದ ಕುಟುಂಬಕ್ಕೆ, ಅಲ್ಲಿ ಮನೆ ಕಟ್ಟಲಾಗದೆಂಬ ಸತ್ಯ ಪುರಸಭೆಯ ಕಿಟಕಿಯ ಮುಂದೆ ತಿಳಿಯುವುದು ಅತ್ಯಂತ ದುಬಾರಿಯ ಪಾಠ. ಮುಂಗಡ ಕೊಡುವ ಮುನ್ನ ಭೂಪರಿವರ್ತನೆ ಆದೇಶ, ಬಡಾವಣೆ ನಕ್ಷೆ ಮತ್ತು ಖಾತೆ ಎಂಬ ಮೂರು ಕಾಗದಗಳೊಂದಿಗೆ ಅದೇ ಕಿಟಕಿಯಲ್ಲಿ ವಿಚಾರಿಸಲು ಒಂದು ದಿನ ಸಾಕು. ಪರವಾನಗಿಯ ಹಾದಿ ಆರಂಭವಾಗುವುದು ಮನೆ ಕಟ್ಟುವಾಗ ಅಲ್ಲ, ನಿವೇಶನ ಕೊಳ್ಳುವಾಗ.