‘ಕ’ ಎಂದು ಬರೆದರೆ ಗಣಕಯಂತ್ರ ಏನನ್ನು ಉಳಿಸುತ್ತದೆ?



ನಿಮ್ಮ ಕಾಲೇಜಿನ ಗಣಕಯಂತ್ರದಲ್ಲಿ ಇಪ್ಪತ್ತು ವರ್ಷಗಳ ಹಿಂದಿನ ಕನ್ನಡ ಕಡತವೊಂದು ಸಿಕ್ಕಿತೆನ್ನಿ. ವಾರ್ಷಿಕ ಸಂಚಿಕೆಯ ಲೇಖನವೋ, ಗ್ರಂಥಾಲಯದ ಪುಸ್ತಕಪಟ್ಟಿಯೋ ಇರಬಹುದು. ತೆರೆದು ನೋಡಿದರೆ ಕನ್ನಡದ ಸುಳಿವೇ ಇಲ್ಲ! ಇಂಗ್ಲಿಷಿನ ದೊಡ್ಡ ‘ಪಿ’, ನೆತ್ತಿಯ ಮೇಲೆ ಗೆರೆ ಹೊತ್ತ ‘ಎ’, ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತು, ಮತ್ತೆ ಅದೇ ‘ಎ’, ಜರ್ಮನ್ ಭಾಷೆಯ ಒಂದಕ್ಷರ, ಸಣ್ಣ ‘ಕ್ಯೂ’, ಕೊನೆಗೆ ಇನ್ನೊಂದು ‘ಎ’. ಇದು ವೈರಸ್ಸಿನ ಕಾಟವಲ್ಲ, ಕಡತವೂ ಕೆಟ್ಟಿಲ್ಲ. ಈ ಏಳು ಗುರುತುಗಳು ಸೇರಿದರೆ ‘ಕನ್ನಡ’ ಎಂಬ ಪದವಾಗುತ್ತದೆ. ಅದು ಹೇಗೆಂದು ತಿಳಿಯಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಗಣಕಯಂತ್ರಕ್ಕೆ ಅಕ್ಷರ ಗೊತ್ತಿಲ್ಲ, ಸಂಖ್ಯೆ ಮಾತ್ರ ಗೊತ್ತು. ಯಾವ ಅಕ್ಷರಕ್ಕೆ ಯಾವ ಸಂಖ್ಯೆ ಎಂದು ಮೊದಲೇ ಒಪ್ಪಂದವಾಗಿರಬೇಕು. ಅಮೆರಿಕದಲ್ಲಿ 1963ರಲ್ಲಿ ಆಸ್ಕಿ ಎಂಬ ಪಟ್ಟಿ ಬಂತು. ಅದರಲ್ಲಿ ಒಟ್ಟು 128 ಸ್ಥಾನಗಳು. ದೊಡ್ಡ ‘ಎ’ಗೆ 65, ದೊಡ್ಡ ‘ಪಿ’ಗೆ 80. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿರಲಿಲ್ಲ. ಇರಬೇಕೆಂದು ಅಂದು ಯಾರೂ ಕೇಳಿರಲೂ ಇಲ್ಲ.

ನಮ್ಮ ಲಿಪಿಯಾದರೋ ವಿಸ್ತಾರವಾದದ್ದು. 34 ವ್ಯಂಜನಗಳ ಕಾಗುಣಿತವನ್ನು ಬರೆದರೆ ಐನೂರಕ್ಕೂ ಹೆಚ್ಚು ರೂಪಗಳಾಗುತ್ತವೆ. ಒತ್ತಕ್ಷರಗಳು ಬೇರೆ. ಇವನ್ನೆಲ್ಲ ಬೆರಳಚ್ಚು ಯಂತ್ರದ ಕೆಲವೇ ಕೀಲಿಗಳಲ್ಲಿ ಕೂರಿಸಲು ಅಕ್ಷರವನ್ನೇ ತುಂಡು ಮಾಡಿಕೊಂಡಿದ್ದರು. ತಲೆಕಟ್ಟು ಬೇರೆ, ಒಡಲು ಬೇರೆ, ಒತ್ತು ಬೇರೆ. 1980 ಮತ್ತು 90ರ ದಶಕಗಳಲ್ಲಿ ಗಣಕಯಂತ್ರಗಳು ನಮ್ಮ ಮುದ್ರಣಾಲಯ, ಕಚೇರಿಗಳಿಗೆ ಬಂದಾಗ ತಂತ್ರಜ್ಞರು ಹೆಚ್ಚುಕಡಿಮೆ ಇದೇ ಉಪಾಯ ಮಾಡಿದರು. ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳನ್ನು ಹಾಗೆಯೇ ಬಿಟ್ಟು, ಅವುಗಳ ಚಿತ್ರವನ್ನು ಮಾತ್ರ ಬದಲಿಸಿದರು. ‘ಪಿ’ಯ ಜಾಗದಲ್ಲಿ ತಲೆಕಟ್ಟಿಲ್ಲದ ‘ಕ’, ಗೆರೆ ಹೊತ್ತ ‘ಎ’ಯ ಜಾಗದಲ್ಲಿ ತಲೆಕಟ್ಟು. ಈ ಚಿತ್ರಗಳ ಕಟ್ಟಿಗೆ ಫಾಂಟ್ ಎನ್ನುತ್ತೇವೆ. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಲಸುಮೇಲೋಗರ.

ಆ ಕಾಲಕ್ಕೆ ಇದು ಜಾಣತನವೇ, ಹಾಸ್ಯ ಮಾಡಬೇಕಾಗಿಲ್ಲ. ಇದರ ಬಲದಿಂದಲೇ ಪತ್ರಿಕೆಗಳು ಅಚ್ಚಾದವು, ಪುಸ್ತಕಗಳು ಬಂದವು. ಆದರೆ ಶ್ರೀಲಿಪಿ, ಆಕೃತಿ, ಪ್ರಕಾಶಕ್ ಮುಂತಾದ ಒಂದೊಂದು ತಂತ್ರಾಂಶವೂ ತನ್ನದೇ ಪಟ್ಟಿ ಮಾಡಿಕೊಂಡಿತ್ತು. ಒಂದರಲ್ಲಿ ಬರೆದದ್ದು ಇನ್ನೊಂದಕ್ಕೆ ತಿಳಿಯದು.

ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ನೋಡಬೇಕು: ಬೆರಳು ಒತ್ತುವ ಕೀಲಿ ಒಂದು, ಯಂತ್ರ ಉಳಿಸುವ ಸಂಖ್ಯೆ ಇನ್ನೊಂದು. ಕೀಲಿಯ ಸಮಸ್ಯೆಯನ್ನು ಚೆಲುವಾಗಿ ಬಿಡಿಸಿದವರು ಕೆ.ಪಿ. ರಾವ್. ಮಂಗಳೂರಿನ ಬಳಿಯ ಕಿನ್ನಿಕಂಬಳದವರು. ಅಕ್ಷರವನ್ನು ತುಂಡು ಮಾಡುವ ಬದಲು ಅವರು ವ್ಯಾಕರಣದ ದಾರಿ ಹಿಡಿದರು. ವ್ಯಂಜನಕ್ಕೊಂದು ಕೀಲಿ, ಸ್ವರಕ್ಕೊಂದು ಕೀಲಿ, ಕೂಡಿಸಲು ‘ಎಫ್’ ಕೀಲಿ. ‘ಕನ್ನಡ’ ಎಂದು ಬರೆಯಲು ಕೆ, ಎನ್, ಎಫ್, ಎನ್, ಡಬ್ಲ್ಯು ಎಂದು ಐದು ಬಾರಿ ಒತ್ತಿದರೆ ಸಾಕು. ಒತ್ತು ತಾನಾಗಿ ಕೆಳಗೆ ಕೂರುತ್ತದೆ. ಅವರ ತಂತ್ರಾಂಶಕ್ಕೆ ಇಟ್ಟ ಹೆಸರು ‘ಸೇಡಿಯಾಪು’, ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ನೆನಪಿನಲ್ಲಿ. ಈ ವಿನ್ಯಾಸವೇ ಅಲ್ಪ ಬದಲಾವಣೆಗಳೊಂದಿಗೆ ರಾಜ್ಯ ಸರ್ಕಾರದ ಮಾನಕ ಕೀಲಿಮಣೆಯಾಯಿತು. ಕನ್ನಡ ಗಣಕ ಪರಿಷತ್ತು ಸಿದ್ಧಪಡಿಸಿದ ‘ನುಡಿ’ ಅದನ್ನು ಊರೂರಿನ ಕಚೇರಿಗಳಿಗೆ ಒಯ್ದಿತು. 1998ರಲ್ಲಿ ಶೇಷಾದ್ರಿವಾಸು ಅವರ ‘ಬರಹ’ ಬಂದು, ಇಂಗ್ಲಿಷ್ ಕಾಗುಣಿತದಲ್ಲೇ ಕನ್ನಡ ಮೂಡಿಸುವ ಅನುಕೂಲ ಮಾಡಿಕೊಟ್ಟಿತು. ಹೊರನಾಡಿನ ಕನ್ನಡಿಗರು ಅದನ್ನು ಅಪ್ಪಿಕೊಂಡರು.

ಇಷ್ಟಾದರೂ ಒಳಗಿನ ಸಂಖ್ಯೆ ಹಳೆಯದೇ. ನುಡಿಯ ಹಳೆಯ ಫಾಂಟಿನಲ್ಲಿ ‘ಯ’ ಅಕ್ಷರವನ್ನು ಹೇಗೆ ಕಟ್ಟಿದ್ದಾರೆ ನೋಡಿ. ‘ಯ’ದ ಎಡಬದಿಗೆ ಸೊನ್ನೆಯಂಥ ಒಂದು ಸುತ್ತು ಇದೆಯಲ್ಲವೇ? ಅನುಸ್ವಾರದ ಸೊನ್ನೆಯನ್ನೇ ಅಲ್ಲಿಗೆ ಬಳಸಿಕೊಂಡಿದ್ದಾರೆ. ಆ ಸೊನ್ನೆ ಕುಳಿತಿರುವುದು ‘ಎ’ಯ ಜಾಗದಲ್ಲಿ, ಅಂದರೆ 65ರಲ್ಲಿ. ‘ಕ’ ಇರುವುದು 80ರಲ್ಲಿ. ಈಗ ನಿಮ್ಮ ತರಗತಿಯ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸು ಎಂದು ಯಂತ್ರಕ್ಕೆ ಹೇಳಿದರೆ ಯಮುನಾ ಮೊದಲು, ಕಮಲಾ ಆಮೇಲೆ! ಯಂತ್ರದ ತಪ್ಪೇನೂ ಇಲ್ಲ. ಅದರ ಕಣ್ಣಿಗೆ ಯಮುನೆಯೂ ಇಲ್ಲ, ಕಮಲೆಯೂ ಇಲ್ಲ. ಹುಡುಕಾಟದ ಗತಿಯೂ ಇದೇ. ಕಡತದಲ್ಲಿ ಹೆಸರು ಇದ್ದರೂ ‘ಇಲ್ಲ’ ಎಂಬ ಉತ್ತರ ಬಂದೀತು. ಪಿಂಚಣಿ ಪಟ್ಟಿಯಲ್ಲೋ ಜಮೀನಿನ ದಾಖಲೆಯಲ್ಲೋ ಹೀಗಾದರೆ ಅದು ಬರಿಯ ತಮಾಷೆಯಾಗಿ ಉಳಿಯುವುದಿಲ್ಲ.

ಪರಿಹಾರ ಮಾತ್ರ ಬಹಳ ಹಿಂದೆಯೇ ಹುಟ್ಟಿತ್ತು. ಭಾರತೀಯ ಲಿಪಿಗಳಿಗಾಗಿ ಇಸ್ಕಿ ಎಂಬ ಮಾನಕ 1991ರಲ್ಲಿ ಬಂತು. ಅದೇ ವರ್ಷ ಅಕ್ಟೋಬರಿನಲ್ಲಿ ಯೂನಿಕೋಡ್‌ನ ಮೊದಲ ಆವೃತ್ತಿ ಪ್ರಕಟವಾಯಿತು. ಜಗತ್ತಿನ ಲಿಪಿಗಳಿಗೆಲ್ಲ ಒಂದೇ ಪಟ್ಟಿ ಇರಲಿ ಎಂಬುದು ಅದರ ಆಶಯ. ಕನ್ನಡಕ್ಕೆ 128 ಸ್ಥಾನಗಳು ದೊರೆತವು. ‘ಕ’ದ ಸಂಖ್ಯೆ 3221, ಅದು ಬೇರೆ ಯಾವ ಲಿಪಿಗೂ ಸೇರಿದ್ದಲ್ಲ. ಆದರೆ ಪಟ್ಟಿಯಲ್ಲಿ ಜಾಗ ಸಿಕ್ಕಿದೊಡನೆ ಪರದೆಯ ಮೇಲೆ ಅಕ್ಷರ ಮೂಡುವುದಿಲ್ಲವಷ್ಟೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ‘ತುಂಗಾ’ ಎಂಬ ಕನ್ನಡ ಫಾಂಟ್ ಬಂತು. 2003ರಲ್ಲಿ ಕನ್ನಡ ವಿಕಿಪೀಡಿಯ ಆರಂಭವಾಯಿತು. ನುಡಿ, ಬರಹಗಳ ಮುಂದಿನ ಆವೃತ್ತಿಗಳೂ ಯೂನಿಕೋಡಿಗೆ ದಾರಿ ತೆರೆದವು. ಇಂದು ನೀವು ಮೊಬೈಲಿನಿಂದ ಕಳಿಸುವ ಕನ್ನಡ ಸಂದೇಶ ಯೂನಿಕೋಡಿನದು. ಅದನ್ನು ಓದಲು ಗೆಳೆಯನ ಬಳಿ ಇಂಥದೇ ಫಾಂಟ್ ಇರಬೇಕೆಂದಿಲ್ಲ.

ಹಾಗಾದರೆ ಹಳೆಯ ಕಡತಗಳನ್ನು ಏನು ಮಾಡಬೇಕು? ಮೊದಲು ಪರೀಕ್ಷಿಸಿ. ಕಡತದ ಒಂದು ಪದವನ್ನು ನಕಲು ಮಾಡಿ ನೋಟ್‌ಪ್ಯಾಡಿನಲ್ಲೋ ಮೊಬೈಲ್ ಸಂದೇಶದಲ್ಲೋ ಅಂಟಿಸಿ ನೋಡಿ. ಕನ್ನಡವಾಗಿಯೇ ಉಳಿದರೆ ಅದು ಯೂನಿಕೋಡ್. ಪೌಂಡಿನ ಗುರುತು, ಗೆರೆಯ ‘ಎ’ಗಳು ಕಂಡರೆ ಹಳೆಯ ಪದ್ಧತಿ. ಆಗ ನುಡಿ ಅಥವಾ ಬರಹದ ಜೊತೆ ಬರುವ ಪರಿವರ್ತಕವನ್ನು ಬಳಸಬಹುದು. ಮೂಲ ಕಡತವನ್ನು ಮಾತ್ರ ಅಳಿಸಬೇಡಿ. ಪರಿವರ್ತಿಸುವುದು ಅದರ ಪ್ರತಿಯನ್ನು. ನಡುವೆ ಇಂಗ್ಲಿಷ್ ಪದಗಳಿದ್ದರೆ ಅವೂ ಅರ್ಥವಿಲ್ಲದ ಕನ್ನಡವಾಗಿಬಿಡಬಹುದು, ಅವನ್ನು ಮೊದಲೇ ಗುರುತು ಹಾಕಿಕೊಳ್ಳಿ.

ಅರ್ಕಾವತ್ತಿನ ಕಡೆ ವಿಶೇಷ ಗಮನವಿರಲಿ. ಹಳೆಯ ಕಡತದಲ್ಲಿ ಅದು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇರುತ್ತದೆ. ಯೂನಿಕೋಡಿನಲ್ಲಿ ನಾವು ಉಚ್ಚರಿಸುವಂತೆ ರೇಫ ಮೊದಲು. ಪರಿವರ್ತಕ ಅದನ್ನು ಎತ್ತಿ ಮುಂದಕ್ಕೆ ಇಡಬೇಕು, ಒಮ್ಮೊಮ್ಮೆ ಎಡವುತ್ತದೆ. ಹೆಸರುಗಳ ಪಟ್ಟಿಯಾಗಿದ್ದರೆ ಪಾರ್ವತಿ, ಕಾರ್ತಿಕ, ಧರ್ಮಪ್ಪ ಇವರನ್ನೆಲ್ಲ ಒಬ್ಬೊಬ್ಬರಾಗಿ ಓದಿ ನೋಡಿ.