ಕೋರ್ಟಿನ ಮುಂದಿನ ಕಲ್ಲು ಸಿಪಾಯಿ

ಸತ್ತ ವೀರರಿಗೆ ಕಲ್ಲು ನೆಡುವುದು ನಮಗೆ ಹೊಸದಲ್ಲ. ನಮ್ಮಲ್ಲೂ ಊರೂರಿಗೆ ವೀರಗಲ್ಲುಗಳಿವೆ. ಆದರೆ ಕಲ್ಲನ್ನು ಯಾರು ನೆಟ್ಟರು, ಯಾವಾಗ ನೆಟ್ಟರು, ಎಲ್ಲಿ ನೆಟ್ಟರು ಎಂದು ಕೇಳದೆ ಹೋದರೆ ಕಲ್ಲು ಹೇಳಿದ್ದೇ ಚರಿತ್ರೆಯಾಗಿ ಕೂತುಬಿಡುತ್ತದೆ. ಚರಿತ್ರೆ ಪಾಠ ಮಾಡುವ ನನಗೆ ಈ ಪ್ರಶ್ನೆಗಳ ತೂಕವನ್ನು ತಿಳಿಸಿದ್ದು ಅಮೆರಿಕದ ಒಂದು ಸಣ್ಣ ಪಟ್ಟಣ.

ಉತ್ತರ ಕೆರೊಲಿನಾದ ಅಲಮಾನ್ಸ್ ಕೌಂಟಿಯ ಕೇಂದ್ರ ಗ್ರೇಹ್ಯಾಮ್. ಅಲ್ಲಿನ ಕೋರ್ಟಿನ ಮುಂದೆ ಎತ್ತರದ ಕಂಬ, ಅದರ ಮೇಲೆ ಕಲ್ಲಿನ ಸಿಪಾಯಿ. 1861ರಿಂದ 1865ರವರೆಗಿನ ಅಂತರ್ಯುದ್ಧದಲ್ಲಿ, ಗುಲಾಮಗಿರಿ ಉಳಿಸಿಕೊಳ್ಳಲು ಒಕ್ಕೂಟದಿಂದ ಸಿಡಿದುಹೋದ ದಕ್ಷಿಣದ ಪರ ಹೋರಾಡಿದವರ ಸ್ಮಾರಕ ಅದು. ಸತ್ತೋರನ್ನು ನೆನೆಯಬೇಡಿ ಅನ್ನೋರ್ಯಾರು? ಆದರೆ ಅದು ನಿಂತದ್ದು 1914ರಲ್ಲಿ, ಯುದ್ಧ ಮುಗಿದು 49 ವರ್ಷದ ಮೇಲೆ. ಅಷ್ಟರಲ್ಲಿ, 1900ರಲ್ಲೇ, ರಾಜ್ಯದ ಸಂವಿಧಾನಕ್ಕೆ ತಿದ್ದುಪಡಿ ತಂದು ಅಕ್ಷರ ಪರೀಕ್ಷೆ ಮತ್ತು ತಲೆಗಂದಾಯದ ನೆಪದಲ್ಲಿ ಕಪ್ಪುಜನರ ಓಟು ಕಿತ್ತುಕೊಂಡಾಗಿತ್ತು. ಗೆದ್ದ ಯಜಮಾನಿಕೆ ತನ್ನ ಗುರುತಿಗೆ ನೆಟ್ಟ ಕಲ್ಲಿದು.

ಇನ್ನು ಜಾಗದ ಮಾತು. ವ್ಯಾಟ್ ಔಟ್‌ಲಾ ಎಂಬ ಕಪ್ಪು ಮನುಷ್ಯ ಗ್ರೇಹ್ಯಾಮಿನಲ್ಲಿ ಮರಗೆಲಸದ ಅಂಗಡಿ ಇಟ್ಟಿದ್ದ. ಪಟ್ಟಣದ ಆಡಳಿತ ಮಂಡಳಿಯ ಸದಸ್ಯನೂ ಕಾನ್‌ಸ್ಟೇಬಲನೂ ಆದ. ಕಪ್ಪು ಕೈಗೆ ಲಾಠಿ ಬಂದದ್ದನ್ನು ಬಿಳಿಯರು ಸಹಿಸಲಿಲ್ಲ. 1870ರ ಫೆಬ್ರವರಿ 26ರ ರಾತ್ರಿ ಕು ಕ್ಲಕ್ಸ್ ಕ್ಲಾನಿನವರು ಅವನನ್ನು ಮನೆಯಿಂದ ಎಳೆದು ತಂದು ಕೋರ್ಟಿನ ಎದುರಿನ ಮರಕ್ಕೆ ನೇಣು ಹಾಕಿದರು. ಕೊಲ್ಲಲು ಊರ ಹೊರಗೆ ಕಾಡಿರಲಿಲ್ಲವೇ? ಇತ್ತು. ಕೋರ್ಟು ನಿಮ್ಮದಲ್ಲ ಎಂದು ಹೇಳಬೇಕಿತ್ತು, ಅದಕ್ಕೇ ಆ ಮರ.

ಕ್ಲಾನನ್ನು ಹತ್ತಿಕ್ಕಲು ಪಡೆ ಕಳಿಸಿದ ರಾಜ್ಯಪಾಲ ವಿಲಿಯಂ ಹೋಲ್ಡನ್ನನನ್ನು 1871ರಲ್ಲಿ ಶಾಸಕಾಂಗವೇ ಅಧಿಕಾರದಿಂದ ಕಿತ್ತುಹಾಕಿತು. ಅದೇ ವರ್ಷ ಈ ಕೊಲೆಗಾಗಿ 18 ಜನರ ಮೇಲೆ ಆರೋಪ ಹೊರಿಸಲಾಯಿತು. ಶಿಕ್ಷೆ ಯಾರಿಗೂ ಆಗಲಿಲ್ಲ. 1873ರಲ್ಲಿ ಶಾಸಕಾಂಗ ಕ್ಷಮಾದಾನವನ್ನೇ ಕೊಟ್ಟಿತು. 1914ರ ಸ್ಮಾರಕದ ಸಮಾರಂಭದಲ್ಲಿ ಭಾಷಣ ಮಾಡಿದವರಲ್ಲಿ ಜೇಕಬ್ ಲಾಂಗ್ ಒಬ್ಬ. ಆ ಕೌಂಟಿಯಲ್ಲಿ ಕ್ಲಾನ್ ಕಟ್ಟಿದವನೇ ಅವನು! ಮರಕ್ಕೂ ಕಲ್ಲಿಗೂ ಇರುವ ನಂಟನ್ನು ಇದಕ್ಕಿಂತ ಬಿಡಿಸಿ ಹೇಳಬೇಕೆ?

ಅಂತರ್ಯುದ್ಧದಲ್ಲಿ ಸುಮಾರು 1,80,000 ಕಪ್ಪು ಸೈನಿಕರು ಒಕ್ಕೂಟದ ಪರ ಹೋರಾಡಿದ್ದರು. ಅವರಿಗೆ ಈ ಕಂಬದ ಮೇಲೆ ಜಾಗವಿಲ್ಲ. ಹಾಗಾಗಿ ಇದನ್ನು ಯೋಧರ ಸ್ಮಾರಕ ಎನ್ನುವುದೇ ಅರ್ಧ ಸುಳ್ಳು. 2020ರಲ್ಲಿ ಜನ ಬೀದಿಗಿಳಿದು ಇದನ್ನು ತೆಗೆಯಿರಿ ಎಂದರು. ಆದರೆ ಇಂಥ ಸ್ಮಾರಕಗಳನ್ನು ಮುಟ್ಟದಂತೆ ರಾಜ್ಯ 2015ರಲ್ಲೇ ಕಾಯ್ದೆ ಮಾಡಿಕೊಂಡಿತ್ತು. 2024ರಲ್ಲಿ ಮೇಲ್ಮನವಿ ನ್ಯಾಯಾಲಯ ಆ ಕಾಯ್ದೆಯನ್ನೇ ಎತ್ತಿಹಿಡಿದು, ಕಲ್ಲು ತೆಗೆಸುವ ಅಧಿಕಾರ ಕೌಂಟಿಗಿಲ್ಲ ಎಂದಿತು.

ಯಾವುದೋ ದೂರದ ಊರಿನ ಗೊಡವೆ ನಮಗ್ಯಾಕೆ ಅನ್ನಬಹುದು. ಔಟ್‌ಲಾನ ಕೊಲೆಗಾರರಿಗೆ ಕ್ಷಮೆ ಸಿಕ್ಕ ಅದೇ 1873ರಲ್ಲಿ ಜ್ಯೋತಿಬಾ ಫುಲೆ 'ಗುಲಾಮಗಿರಿ' ಪ್ರಕಟಿಸಿ, ಕಪ್ಪುಜನರ ಬಿಡುಗಡೆಗೆ ದುಡಿದ ಅಮೆರಿಕದವರಿಗೆ ಅದನ್ನು ಅರ್ಪಿಸಿದ್ದರು. ಆ ನಂಟನ್ನು ನಾವು ಮರೆಯಬೇಕೆ? 1989ರಲ್ಲಿ ನಮ್ಮ ಸಂಸತ್ತು ಪರಿಶಿಷ್ಟರ ಮೇಲಿನ ದೌರ್ಜನ್ಯ ತಡೆ ಕಾಯ್ದೆಯನ್ನು ಅಂಗೀಕರಿಸಿತು. ಜೈಪುರದಲ್ಲಿ ರಾಜಸ್ಥಾನ ಹೈಕೋರ್ಟಿನ ಆವರಣದಲ್ಲಿ ಮನುವಿನ ಪ್ರತಿಮೆ ನಿಂತದ್ದೂ ಅದೇ 1989ರಲ್ಲಿ. ನ್ಯಾಯ ಕೇಳಲು ಬರುವ ದಲಿತ ಮನುವನ್ನು ದಾಟಿಕೊಂಡೇ ಒಳಗೆ ಹೋಗಬೇಕು, ಗ್ರೇಹ್ಯಾಮಿನ ಕಪ್ಪುಮನುಷ್ಯ ಆ ಸಿಪಾಯಿಯನ್ನು ದಾಟಿದ ಹಾಗೆ.

ದಲಿತ ವಿಮರ್ಶೆ ಬರೀ ಕತೆ ಕವಿತೆ ಓದಿ ಸುಮ್ಮನಾಗುವಂತಿಲ್ಲ. ಕೋರ್ಟು, ಕಚೇರಿ, ಸರ್ಕಲ್ಲುಗಳಲ್ಲಿ ನಿಂತ ಕಲ್ಲುಗಳೂ ಪಠ್ಯಗಳೇ. ಅವನ್ನು ಓದುವಾಗ ಮೇಲೆ ನಿಂತವನ ಹೆಸರಿನ ಜೊತೆಗೆ, ಆ ಜಾಗದಲ್ಲಿ ನೇಣಿಗೆ ಬಿದ್ದವನ ಹೆಸರನ್ನೂ ಹುಡುಕಿ ಬರೆಯಬೇಕು.