ಗ್ರೇಸ್ಟೋನಿನಲ್ಲಿ ಐದು ವರ್ಷ: ಹಾಡುಗಾರ ವುಡಿ ಗಥ್ರಿ

ಬಾಸ್ಕಿಂಗ್ ರಿಡ್ಜಿನಿಂದ 287ನೇ ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಟರೆ ಮಾರಿಸ್‌ಟೌನ್ ದಾಟಿ ಅರ್ಧ ಗಂಟೆಯೊಳಗೆ ಮಾರಿಸ್ ಪ್ಲೇನ್ಸ್ ಸಿಗುತ್ತದೆ. ಅಲ್ಲಿ ಗ್ರೇಸ್ಟೋನ್ ಪಾರ್ಕ್ ಎಂಬ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಸೇರಿದ ಬೃಹತ್ತಾದ ಕಲ್ಲಿನ ಕಟ್ಟಡವೊಂದಿತ್ತು. 1876ರಲ್ಲಿ ತೆರೆದ ಆ ಕಟ್ಟಡವನ್ನು 2015ರಲ್ಲಿ ಕೆಡವಿದರು. ನಮ್ಮ ಮಕ್ಕಳು ಇಲ್ಲಿನ ಶಾಲೆಗಳಲ್ಲಿ ಕಲಿತು ಬಂದು ಮನೆಯಲ್ಲಿ ಗುನುಗುವ ‘ದಿಸ್ ಲ್ಯಾಂಡ್ ಈಸ್ ಯುವರ್ ಲ್ಯಾಂಡ್’ ಹಾಡನ್ನು ಬರೆದ ವುಡಿ ಗಥ್ರಿ 1956ರಿಂದ 1961ರವರೆಗೆ ಈ ಆಸ್ಪತ್ರೆಯಲ್ಲಿ ರೋಗಿಯಾಗಿದ್ದ. ಹಾಡು ಗೊತ್ತಿರುವ ನಮ್ಮಲ್ಲಿ ಬಹುಮಂದಿಗೆ ಈ ಸಂಗತಿ ತಿಳಿದಿರಲಾರದು.

ಗಥ್ರಿ ಹುಟ್ಟಿದ್ದು 1912ರ ಜುಲೈ 14ರಂದು, ಓಕ್ಲಹೋಮದ ಓಕೀಮಾ ಎಂಬ ಸಣ್ಣ ಊರಿನಲ್ಲಿ. ಬಾಲ್ಯದಲ್ಲೇ ಅಕ್ಕ ಕ್ಲಾರಾ ಬೆಂಕಿಗೆ ಬಲಿಯಾದಳು. ತಾಯಿ ನೋರಾ ದಿನೇ ದಿನೇ ವಿಚಿತ್ರವಾಗಿ ವರ್ತಿಸತೊಡಗಿದಳು. ಕೈಕಾಲು ಹಿಡಿತ ತಪ್ಪುತ್ತಿತ್ತು, ಸಿಟ್ಟು ಎಲ್ಲೆ ಮೀರುತ್ತಿತ್ತು. ಊರಿನವರು ಹುಚ್ಚು ಎಂದರು. ಕೊನೆಗೆ ಅವಳನ್ನು ಆಸ್ಪತ್ರೆಗೆ ಸೇರಿಸಿದರು. 1930ರಲ್ಲಿ ಅಲ್ಲೇ ತೀರಿಕೊಂಡಳು. ಆ ಕಾಯಿಲೆಯ ಹೆಸರು ಹಂಟಿಂಗ್ಟನ್. ತಂದೆ ತಾಯಿಯರಲ್ಲಿ ಒಬ್ಬರಿಗಿದ್ದರೆ ಪ್ರತಿಯೊಂದು ಮಗುವಿಗೂ ಬರುವ ಸಂಭವ ಅರ್ಧಕ್ಕರ್ಧ.

ಮುಂದೆ ಟೆಕ್ಸಸ್ಸಿನ ಪ್ಯಾಂಪಾದಲ್ಲಿ 1935ರ ಧೂಳಿನ ಬಿರುಗಾಳಿಯನ್ನು ಕಣ್ಣಾರೆ ಕಂಡ ಗಥ್ರಿ, ಹೊಲಮನೆ ಕಳೆದುಕೊಂಡು ಗುಳೆ ಹೊರಟ ಸಾವಿರಾರು ರೈತರಂತೆ ಕ್ಯಾಲಿಫೋರ್ನಿಯಾದ ದಾರಿ ಹಿಡಿದ. ಬರಗಾಲದ ಗುಳೆ ಎಂದರೆ ಏನೆಂದು ಉತ್ತರ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಲಾಸ್ ಏಂಜಲಿಸ್‌ನ ರೇಡಿಯೋದಲ್ಲಿ ಆತ ಹಳ್ಳಿಗಾಡಿನ ಹಳೆಯ ಹಾಡುಗಳನ್ನು ಹಾಡಿದಾಗ, ಹಾಗೆ ವಲಸೆ ಬಂದು ಡೇರೆಗಳಲ್ಲಿ ಬದುಕುತ್ತಿದ್ದವರಿಗೆ ತವರಿನ ದನಿ ಕೇಳಿದಂತಾಯಿತು. ಕಂಟ್ರಿ ಸಂಗೀತದ ಹೆಸರಾಂತ ಕಾರ್ಟರ್ ಕುಟುಂಬದ ಧಾಟಿಗಳೆಂದರೆ ಗಥ್ರಿಗೆ ಪ್ರಾಣ. ಧಾಟಿ ಹಳೆಯದು, ಮಾತು ಹೊಸದು. ಇದೇ ಆತನ ಕ್ರಮ.

ನಮ್ಮ ಶಿಶುನಾಳ ಶರೀಫರ (1819–1889) ನೆನಪು ಇಲ್ಲಿ ತಾನಾಗಿ ಬರುತ್ತದೆ. ಜನರ ಬಾಯಲ್ಲಿದ್ದ ಮಟ್ಟುಗಳಿಗೆ ಅವರು ತಮ್ಮ ಪದ ಕಟ್ಟಿದರು. ಹುಬ್ಬಳ್ಳಿಯ ಗಿರಣಿ ಕೂಡ ಅವರ ಪದಕ್ಕೆ ವಸ್ತುವಾಯಿತು. ಒಬ್ಬರು ಸಂತರು, ಇನ್ನೊಬ್ಬ ಎಡಪಂಥದ ಅಲೆಮಾರಿ. ಹೋಲಿಕೆಯನ್ನು ಬಹಳ ದೂರ ಎಳೆಯುವುದು ತರವಲ್ಲ. ಆದರೂ ಕಣ್ಣೆದುರಿನ ಸಾಮಾನ್ಯ ವಸ್ತುವೇ ಹಾಡಾಗುವ ರೀತಿ ಇಬ್ಬರಲ್ಲೂ ಒಂದೇ.

1940ರ ಫೆಬ್ರವರಿ 23ರಂದು ನ್ಯೂಯಾರ್ಕಿನ ಅಗ್ಗದ ಹೋಟೆಲೊಂದರಲ್ಲಿ ಕುಳಿತು ಗಥ್ರಿ ಆ ಪ್ರಸಿದ್ಧ ಹಾಡು ಬರೆದ. ರೇಡಿಯೋದಲ್ಲಿ ಎಡೆಬಿಡದೆ ಕೇಳಿಬರುತ್ತಿದ್ದ ‘ಗಾಡ್ ಬ್ಲೆಸ್ ಅಮೆರಿಕ’ಕ್ಕೆ ಅದೊಂದು ಮರುಮಾತು. ಖಾಸಗಿ ಸ್ವತ್ತು ಎಂಬ ಫಲಕವನ್ನೂ ಪರಿಹಾರದ ಊಟಕ್ಕೆ ಸಾಲುಗಟ್ಟಿದ ಹಸಿದವರನ್ನೂ ಕುರಿತ ನುಡಿಗಳು ಮೂಲದಲ್ಲಿವೆ. ಶಾಲೆಯ ಪುಸ್ತಕಗಳು ಅವನ್ನು ಸಾಮಾನ್ಯವಾಗಿ ಬಿಟ್ಟುಬಿಟ್ಟವು. ಹಾಗಾಗಿ ನಮ್ಮ ಮಕ್ಕಳು ಕಲಿತದ್ದು ಅರ್ಧ ಹಾಡು. ಅದೇ ವರ್ಷ ಏಪ್ರಿಲ್‌ನಲ್ಲಿ ನಮ್ಮದೇ ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ ವಿಕ್ಟರ್ ಕಂಪನಿಗಾಗಿ ‘ಡಸ್ಟ್ ಬೌಲ್ ಬ್ಯಾಲಡ್ಸ್’ ಮುದ್ರಣವಾಯಿತು. 1941ರಲ್ಲಿ ಕೊಲಂಬಿಯಾ ನದಿಯ ಅಣೆಕಟ್ಟುಗಳ ಪ್ರಚಾರಕ್ಕೆಂದು ಸರ್ಕಾರ ಒಂದು ತಿಂಗಳ ಮಟ್ಟಿಗೆ ನೇಮಿಸಿಕೊಂಡಾಗ ಬರೆದ ಹಾಡುಗಳು 26. 1943ರಲ್ಲಿ ‘ಬೌಂಡ್ ಫಾರ್ ಗ್ಲೋರಿ’ ಎಂಬ ಆತ್ಮಕಥೆ ಬಂತು.

ಇಷ್ಟಾದ ಮೇಲೆ ಕಾಯಿಲೆ ಕಾಣಿಸಿಕೊಂಡಿತು. ನಡಿಗೆ ತೂರಾಡಿದಾಗ ಕುಡಿತವೆಂದರು. ಹಂಟಿಂಗ್ಟನ್ ಎಂದು ವೈದ್ಯರು ನಿರ್ಧರಿಸಿದ್ದು 1952ರಲ್ಲಿ. ಅವಘಡವೊಂದರಲ್ಲಿ ತೋಳು ಸುಟ್ಟು ಗಿಟಾರ್ ನುಡಿಸುವುದೂ ಕಷ್ಟವಾಯಿತು. 1956ರಲ್ಲಿ ನ್ಯೂಜೆರ್ಸಿಯ ರಸ್ತೆಗಳಲ್ಲಿ ಗೊತ್ತುಗುರಿಯಿಲ್ಲದೆ ಅಲೆಯುತ್ತಿದ್ದವನನ್ನು ಪೊಲೀಸರು ಹಿಡಿದರು; ಅಲ್ಲಿಂದ ಗ್ರೇಸ್ಟೋನ್. ತಾನು ಪುಸ್ತಕ ಬರೆದಿದ್ದೇನೆ, ಸಾವಿರಕ್ಕೂ ಮೀರಿ ಹಾಡು ಕಟ್ಟಿದ್ದೇನೆ ಎಂದು ಆತ ಹೇಳಿದಾಗ ಅದೂ ಭ್ರಮೆಯ ಲಕ್ಷಣವೆಂದು ವೈದ್ಯರು ಬಗೆದರಂತೆ. ಆಸ್ಪತ್ರೆಯನ್ನು ಗಥ್ರಿ ತಮಾಷೆಗೆ ‘ಗ್ರೇವ್‌ಸ್ಟೋನ್’, ಅಂದರೆ ಗೋರಿಕಲ್ಲು, ಎಂದು ಕರೆಯುತ್ತಿದ್ದ.

ಎರಡನೆಯ ಹೆಂಡತಿ ಮಾರ್ಜೊರಿ ನೃತ್ಯಗಾರ್ತಿ. ವಿಚ್ಛೇದನವಾಗಿದ್ದರೂ ಆಕೆ ಭಾನುವಾರಗಳಲ್ಲಿ ಮಕ್ಕಳನ್ನು ಕರೆದುಕೊಂಡು ಬರುತ್ತಿದ್ದಳು. ವಾರ್ಡಿನೊಳಗೆ ಮಕ್ಕಳು ಬೇಡವೆಂದು ಆವರಣದ ಮರದ ಕೆಳಗೆ ಭೇಟಿ. 1959ರಿಂದ ಈಸ್ಟ್ ಆರೆಂಜಿನ ಗ್ಲೀಸನ್ ದಂಪತಿಗಳು ಗಥ್ರಿಯನ್ನು ಭಾನುವಾರ ತಮ್ಮ ಮನೆಗೆ ಕರೆತರತೊಡಗಿದರು. ಪೀಟ್ ಸೀಗರ್ ಮೊದಲಾದ ಗೆಳೆಯರು ಅಲ್ಲಿ ಸೇರುತ್ತಿದ್ದರು. ಊಟ, ಹರಟೆ, ಹಾಡು. ಒಬ್ಬರ ಬೈಠಕ್‌ಖಾನೆಯಲ್ಲಿ ಚಾಪೆ ಹಾಸಿ ಹಾಡು ಹೇಳಿಕೊಂಡೇ ಬೆಳೆದ ನಮ್ಮ ಕನ್ನಡ ಕೂಟಗಳಿಗೆ ಈ ಚಿತ್ರ ಅಪರಿಚಿತವೇನಲ್ಲ. 1961ರ ಜನವರಿಯಲ್ಲಿ ಮಿನೆಸೋಟದಿಂದ ಬಂದ ಹತ್ತೊಂಬತ್ತರ ಹುಡುಗನೊಬ್ಬ ಹಾಡುಗಾರನನ್ನು ಹುಡುಕಿಕೊಂಡು ಬಂದು, ಆತನ ಹಾಡುಗಳನ್ನು ಆತನಿಗೇ ಹಾಡಿ ಕೇಳಿಸಿದ. ಹುಡುಗನ ಹೆಸರು ಬಾಬ್ ಡಿಲನ್. ಮರುವರ್ಷ ಬಂದ ಡಿಲನ್‌ನ ಮೊದಲ ತಟ್ಟೆಯಲ್ಲಿ ಗಥ್ರಿಗೆಂದೇ ಬರೆದ ಹಾಡಿದೆ.

1961ರಲ್ಲಿ ಗಥ್ರಿಯನ್ನು ಬ್ರೂಕ್ಲಿನ್ನಿನ ಆಸ್ಪತ್ರೆಗೆ ಸಾಗಿಸಿದರು. ಮಾತು ನಿಂತಿತು. 1967ರ ಅಕ್ಟೋಬರ್ 3ರಂದು ಕ್ವೀನ್ಸ್‌ನಲ್ಲಿ ಸಾವು. ಅದೇ ವರ್ಷ ಮಾರ್ಜೊರಿ ಈ ಕಾಯಿಲೆಯ ವಿರುದ್ಧ ಸಂಸ್ಥೆ ಕಟ್ಟಿ, ಅಲ್ಲೊಂದು ಇಲ್ಲೊಂದು ಇದ್ದ ರೋಗಿಗಳ ಕುಟುಂಬಗಳನ್ನು ಒಂದುಗೂಡಿಸಿದಳು. ರೋಗಕ್ಕೆ ಕಾರಣವಾದ ವಂಶವಾಹಿ ಪತ್ತೆಯಾದದ್ದು 1993ರಲ್ಲಿ. ಅಷ್ಟರೊಳಗೆ ಗಥ್ರಿಯ ಮೊದಲ ಮದುವೆಯ ಇಬ್ಬರು ಹೆಣ್ಣುಮಕ್ಕಳು ಇದೇ ಕಾಯಿಲೆಯಿಂದ ತೀರಿಕೊಂಡಿದ್ದರು. ಮಾರ್ಜೊರಿಯ ಮಗ ಆರ್ಲೊ ತಂದೆಯಂತೆ ಹಾಡುಗಾರನಾದ. ಮಗಳು ನೋರಾ ತಂದೆಯ ಕಾಗದಪತ್ರಗಳನ್ನು ಜೋಡಿಸಿ ಕಾಪಾಡಿದಳು.

ಆ ಕಾಗದಗಳಲ್ಲಿ ಸಾಹಿತ್ಯ ಮಾತ್ರ ಉಳಿದ ಸಾವಿರಾರು ಹಾಡುಗಳಿದ್ದವು. ಸ್ವರಲಿಪಿ ಬರೆದಿಡುವ ಅಭ್ಯಾಸ ಗಥ್ರಿಗಿರಲಿಲ್ಲ, ಧಾಟಿ ತಲೆಯಲ್ಲೇ ಇದ್ದು ತಲೆಯೊಂದಿಗೇ ಹೋಯಿತು. ನೋರಾಳ ಕೋರಿಕೆಯಂತೆ ಇಂಗ್ಲೆಂಡಿನ ಬಿಲ್ಲಿ ಬ್ರ್ಯಾಗ್ ಮತ್ತು ವಿಲ್ಕೊ ತಂಡದವರು ಅವುಗಳಲ್ಲಿ ಕೆಲವಕ್ಕೆ ಹೊಸದಾಗಿ ರಾಗ ಹಾಕಿ 1998ರಲ್ಲಿ ‘ಮರ್ಮೇಡ್ ಅವೆನ್ಯೂ’ ಹೊರತಂದರು. ಶರೀಫರ ಪದಗಳಿಗೆ ಸಿ. ಅಶ್ವತ್ಥ್ ರಾಗ ಹಾಕಿದ ಕ್ಯಾಸೆಟ್ಟುಗಳನ್ನು ಉಪ್ಪಿನಕಾಯಿ ಡಬ್ಬಿಯ ಪಕ್ಕದಲ್ಲಿಟ್ಟು ಸೂಟ್‌ಕೇಸಿನಲ್ಲಿ ತಂದವರು ನಮ್ಮಲ್ಲಿ ಇನ್ನೂ ಹಲವರಿದ್ದಾರೆ.